ಬಾಗಿಲಿಗೆ ಮೊಣಕೈ ಊರಿದವಳು

ನವೆಂಬರ್ ೩, ಸೋಮವಾರ

ವಿರಾಮದ ಅರ್ಜಿ ತಂದೆ. ಒಂದೇ ಹಾಳೆ. ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ, "ಮಗಳಿಗಾ?" ಎಂದರು.

"ಅಲ್ಲ, ನನಗೇ."

"ಓ..." ಎಂದರು. ಆ 'ಓ' ಎಷ್ಟು ಉದ್ದವಿತ್ತೆಂದರೆ ನನ್ನ ನಲವತ್ತೆಂಟು ವರ್ಷವೂ ಅದರೊಳಗೆ ಹಿಡಿಸಿತು.

ಒಂದು ವರ್ಷ ಸಂಶೋಧನೆ ನಿಲ್ಲಿಸಬಹುದು. ಮಹಾಪ್ರಬಂಧದ ಅರ್ಧ ಮುಗಿದಿದೆಯೆಂದು ಗೈಡ್ ಬರೆದುಕೊಟ್ಟರೆ ಸೀಟು ನನ್ನದಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಸಮಿತಿ ಹೇಳಿದ ಹಾಗೆ. ಆರು ಅಧ್ಯಾಯಗಳಲ್ಲಿ ಅರ್ಧವೆಂದರೆ ಮೂರು. ನನ್ನ ಬಳಿ ಇರುವುದು ಎರಡು. ಮೂರನೆಯದೂ ಇದೆಯೆಂದು ಎಲ್ಲರೂ ತಿಳಿದಿದ್ದಾರೆ. ಹಾಗೆ ತಿಳಿಯುವಂತೆ ಮಾಡಿದವಳು ನಾನು.

ಕಾರಣ ಬರೆಯಲು ನಾಲ್ಕು ಗೆರೆ ಜಾಗ ಕೊಟ್ಟಿದ್ದಾರೆ. ಮನೆಗೆ ಬಂದು 'ಅಕ್ಕನ ಅನಾರೋಗ್ಯ' ಎಂದು ಬರೆದೆ. ಇಪ್ಪತ್ತು ವರ್ಷ ಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆದ ಕೈ, ಸುಳ್ಳನ್ನೂ ದುಂಡಗೇ ಬರೆಯುತ್ತದೆ. ಪೂರ್ತಿ ಸುಳ್ಳೂ ಅಲ್ಲ. ಅಕ್ಕ ಬಚ್ಚಲಲ್ಲಿ ಜಾರಿಬಿದ್ದು, ತೊಡೆಯ ಮೂಳೆ ಮುರಿದು, ಆಪರೇಷನ್ ಆಗಿ, ಎರಡು ತಿಂಗಳಿಂದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಯಾರು ಬೇಕಾದರೂ ನಂಬುತ್ತಾರೆ.

ನವೆಂಬರ್ ೬, ಗುರುವಾರ

ಇಂದಿನ ಪುಟವೂ ದಾಟಿತು. ಹದಿನೆಂಟನೆಯದು.

ನಮ್ಮ ಗೈಡ್ ಮೇಡಂ ಬಹಳ ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿಯಿದು. ಗುರುವಾರ ಮೂರು ಗಂಟೆಗೆ ಅವರ ಕೈಕೆಳಗೆ ಸಂಶೋಧನೆ ಮಾಡುವವರೆಲ್ಲ ಒಂದೇ ಕೋಣೆಯಲ್ಲಿ ಕೂತು, ಆ ವಾರ ಬರೆದದ್ದರಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು ತಲಾ ಒಂದು ವಾಕ್ಯ ಹೇಳಬೇಕು. ನಾವು ಮೂವರೇ ಉಳಿದಿದ್ದೇವೆ. ಸಿಡುಕಿ, ನಿಧಾನಪ್ಪ, ನಾನು. ಅವಳಿಗೆ ಮೂವತ್ತೊಂದು, ಮೂಗಿನ ತುದಿಯಲ್ಲೇ ಕೋಪ. ಅವನಿಗೆ ನಲವತ್ತು, ಇದು ಏಳನೆಯ ವರ್ಷ, ಮುಗಿಸುವ ಅವಸರವೇನೂ ಇಲ್ಲ. ನನ್ನನ್ನು ಇಬ್ಬರೂ ಟೀಚರ್ ಎನ್ನುತ್ತಾರೆ. ಮೇಡಂ ಕೂಡ.

ನನ್ನ ವಿಷಯ ಹೆಂಗಸರು ಬರೆದ ಕವಿತೆಗಳಲ್ಲಿ ಮನೆ. ಎರಡನೆಯ ಅಧ್ಯಾಯ ಕಿಟಕಿಗಳದ್ದು, ಮೂರನೆಯದು ಬಾಗಿಲುಗಳದ್ದಾಗಬೇಕಿತ್ತು. ಜೂನ್‌ನಲ್ಲಿ ಕಿಟಕಿ ಮುಗಿದಾಗ ಮೇಡಂ ಎಲ್ಲರೆದುರಿಗೆ, "ಇದು ಪರೀಕ್ಷಕರಿಗಲ್ಲ, ಓದುಗರಿಗೆ ಬರೆದದ್ದು" ಎಂದರು. ಅಂದಿನಿಂದ ಒಂದು ಸಾಲೂ ಬರೆಯಲಾಗಿಲ್ಲ. ಹೊಗಳಿಕೆ ಮೈಗೆ ಒಗ್ಗದೆಯೂ ಹೋಗಬಹುದೆಂದು ಗೊತ್ತಿರಲಿಲ್ಲ. ಕೂತರೆ ಸಾಕು, ಅವರ ಆ ಮಾತು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತದೆ. ಬರೆದ ಪ್ರತಿ ಸಾಲೂ ಅದರ ಮುಂದೆ ಸಪ್ಪೆ. ಮೊದಲ ಗುರುವಾರ, ಏನೂ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಎರಡನೆಯ ಅಧ್ಯಾಯದ ಹನ್ನೊಂದನೆಯ ಪುಟವನ್ನೇ ತೆಗೆದು, ಕಿಟಕಿ ಎಂದಿದ್ದ ಕಡೆಯೆಲ್ಲ ಬಾಗಿಲು ಎಂದು ತಿದ್ದಿ ಓದಿದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ವಾರ ಹದಿನಾಲ್ಕನೆಯ ಪುಟ. ಆಮೇಲೆ ಅಭ್ಯಾಸವಾಯಿತು.

ಇವತ್ತು ಸಿಡುಕಿ ಏನೋ ಓದಿದಳು. ನಿಧಾನಪ್ಪ ಏನೋ ಓದಿದ. ನನ್ನದಾದ ಮೇಲೆ ಮೇಡಂ, "ಕಿಟಕಿಗಿಂತ ಬಾಗಿಲೇ ಚೆನ್ನಾಗಿ ಬರ್ತಾ ಇದೆ ಟೀಚರ್" ಎಂದರು.

ಮುಗಿದ ಮೇಲೆ ಅವರ ಕೋಣೆಗೆ ಹೋಗಿ ಅರ್ಜಿ ಮುಂದಿಟ್ಟೆ. ಓದಿದವರೇ ಎದ್ದು ಬಂದು ನನ್ನ ಭುಜ ಹಿಡಿದರು.

"ಅಕ್ಕ ಮೊದಲು ಕಣ್ರೀ. ಬಾಗಿಲು ಎಲ್ಲಿಗೂ ಓಡಿಹೋಗಲ್ಲ. ಮೂರನೇದು ಮುಗೀತಾ ಬಂತು ಅಂತ ಬರೆದುಕೊಡ್ತೀನಿ. ಸೀಟಿನ ಚಿಂತೆ ಬಿಡಿ. ವಾರವಾರ ನಾನೇ ಕಿವಿಯಾರೆ ಕೇಳಿದ್ದೀನಲ್ಲ."

ನವೆಂಬರ್ ೭, ಶುಕ್ರವಾರ

ಕಿವಿಯಾರೆ.

ನವೆಂಬರ್ ೧೦, ಸೋಮವಾರ

ಮೇಡಂ ಪತ್ರ ಸಿಗುವವರೆಗೆ ಇರಲಿ ಎಂದು ಅರ್ಜಿಯನ್ನು ವಾಪಸು ತಂದು ಕವನ ಸಂಕಲನವೊಂದರೊಳಗೆ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಕವಿತೆಯ ಪುಸ್ತಕ ಮುಟ್ಟುವವರು ಯಾರೂ ಇಲ್ಲವೆಂಬ ಧೈರ್ಯ. ಆದರೆ ಮಲಗಿದಲ್ಲೇ ಮಲಗಿ ಬೇಸತ್ತ ಅಕ್ಕ ಔಷಧದ ಚೀಟಿಯನ್ನೂ ಬಿಡದೆ ಓದುತ್ತಿದ್ದಾಳೆ. ಬೆಳಿಗ್ಗೆ ವಾಕರ್ ಹಿಡಿದು ಹಜಾರದ ತುದಿಯವರೆಗೆ ನಡೆದು, ಅಲ್ಲೇ ನಿಂತು ಕೇಳಿದಳು.

"ಏನೇ, ನನ್ನ ಹೆಸರು ಹೇಳಿ ರಜಾ ಹಾಕ್ತಿದ್ದೀಯಂತೆ?"

"ನಿನ್ನ ನೋಡ್ಕೊಳ್ಳೋರು ಬೇಡ್ವಾ?"

"ನಾನು ಬಿದ್ದದ್ದು ಯಾವಾಗ?"

"ಸೆಪ್ಟೆಂಬರ್‌ನಲ್ಲಿ."

"ನೀನು ಬರೆಯೋದು ಬಿಟ್ಟದ್ದು?"

ನಾನು ಅವಳಿಗೆ ಕುರ್ಚಿ ಎಳೆದುಕೊಟ್ಟೆ.

"ಮೂವತ್ತು ವರ್ಷ ಬಟ್ಟೆ ಹೊಲಿದಿದ್ದೀನಿ. ಹೊಸ ಬಟ್ಟೆ ಯಾವುದು, ಹಳೇದನ್ನ ಬಿಚ್ಚಿ ತಿರುಗಿಸಿ ಹೊಲಿದದ್ದು ಯಾವುದು ಅಂತ ದೂರದಿಂದಲೇ ಗೊತ್ತಾಗುತ್ತೆ ನಂಗೆ. ಬುಧವಾರ ಬಂತು ಅಂದ್ರೆ ಹಳೇ ಹಾಳೆ ಒಂದನ್ನ ಮುಂದಿಟ್ಕೊಂಡು ಕೂತ್ಕೋತೀಯ. ಅಲ್ಲೊಂದು ಇಲ್ಲೊಂದು ಗೀಚ್ತೀಯ, ಎದ್ದು ಹೋಗ್ತೀಯ. ಅದು ಬರೆಯೋದಾ?"

"ಅಕ್ಕ, ನಿಂಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗಲ್ಲಮ್ಮ, ನಾನೇನು ಓದಿದವಳಾ? ಆದ್ರೆ ಈ ಕಾಲಿನ ಮೇಲೆ ಪೂರ್ತಿ ಭಾರ ಹಾಕಬೇಡಿ ಅಂದಿದ್ದಾರೆ ಡಾಕ್ಟರು. ನನ್ನ ಭಾರವನ್ನೇ ಹಾಕಬಾರದಂತೆ. ನಿನ್ನದನ್ನೂ ತಂದು ಹಾಕ್ತೀಯಲ್ಲ!"

ಇವರು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದರು. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದರು. 'ನನಗೇನೂ ಕೇಳಿಸಲಿಲ್ಲ' ಎಂದು ಹೇಳುವ ಅವರ ಕ್ರಮವೇ ಹೀಗೆ. ಇಪ್ಪತ್ತೈದು ವರ್ಷದಲ್ಲಿ ಎಷ್ಟು ನೀರು ಹೀಗೆ ಹರಿದಿದೆಯೋ.

ನವೆಂಬರ್ ೧೩, ಗುರುವಾರ

ಹೋಗಲಿಲ್ಲ. ಅಕ್ಕನಿಗೆ ಫಿಸಿಯೋಥೆರಪಿ ಇದೆ ಎಂದು ಸಿಡುಕಿಗೆ ಫೋನಿನಲ್ಲಿ ಹೇಳಿದೆ. ಮತ್ತೆ ಅಕ್ಕ.

ಐದು ಗಂಟೆಗೆ ಸಿಡುಕಿಯೇ ಮನೆಗೆ ಬಂದಳು. ಕೈಚೀಲದಲ್ಲಿ ಮೂರು ಪುಸ್ತಕ. ನನ್ನ ಹೆಸರಿನಲ್ಲಿದ್ದವು; ಗಡುವು ಮುಗಿಯುವ ಮೊದಲೇ ಗ್ರಂಥಾಲಯದಲ್ಲಿ ಮತ್ತೆ ಮುದ್ರೆ ಹಾಕಿಸಿಕೊಂಡು ತಂದಿದ್ದಳು. ಆಗಸ್ಟ್‌ನಿಂದ ಪ್ರತಿ ಸಲ ಅವಳೇ ಮಾಡಿಸುತ್ತಿದ್ದಾಳೆ. ಗುರುವಾರದ ಕೋಣೆಯ ಮೇಜಿನ ಮೇಲೆ ಬಿಟ್ಟುಬಂದ ಪುಸ್ತಕಗಳು ತಾವಾಗಿಯೇ ನನ್ನ ಬಳಿ ಉಳಿಯುತ್ತಿವೆಯೆಂದು ನಾನು ತಿಳಿದಿದ್ದೆನೇ? ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅಕ್ಕ ಒಳಗಿನಿಂದಲೇ, "ಯಾರಮ್ಮ ಅದು, ಇವಳ ಜೊತೆ ಓದೋಳಾ? ಚೆನ್ನಾಗಿ ಬೈದು ಹೋಗು" ಎಂದಳು.

ಸಿಡುಕಿ ನಗಲಿಲ್ಲ. ಟೀ ಲೋಟ ಹಿಡಿದು ಸ್ವಲ್ಪ ಹೊತ್ತು ಊದಿದಳು. ಆಮೇಲೆ, "ಟೀಚರ್, ಬಾಗಿಲಿಗೆ ಮೊಣಕೈ ಊರಿಕೊಂಡು ಹೊರಗೆ ನೋಡೋಕಾಗುತ್ತಾ?" ಎಂದಳು.

ಅರ್ಥವಾಗಲಿಲ್ಲ.

"ನೀವು ಆಗಸ್ಟ್‌ನಲ್ಲಿ ಓದಿದ್ರಿ. 'ಬಾಗಿಲಿಗೆ ಮೊಣಕೈ ಊರಿ ಬೀದಿಯನ್ನು ನೋಡುವ ಈ ಹೆಂಗಸು' ಅಂತ. ನಿಧಾನಪ್ಪ ಮನೆಗೆ ಹೋಗಿ ಪ್ರಯತ್ನ ಮಾಡಿದ್ನಂತೆ. ಬಾಗಿಲು ತೆರೆದುಕೊಂಡು ಹೊರಗೆ ಬಿದ್ನಂತೆ."

ನಗು ಬಂದುಬಿಟ್ಟಿತು, ಅದೇ ಹೊತ್ತಿಗೆ ಕಿವಿಯೆಲ್ಲ ಬಿಸಿಯಾಯಿತು. ಕಿಟಕಿಯ ಮೊಣಕೈ. ಒಂದು ಪದ ತಿದ್ದಿದೆ, ಆ ಹೆಂಗಸಿನ ಕೈ ತೆಗೆಯುವುದನ್ನು ಮರೆತೆ.

"ಅಂದ್ರೆ ಇಬ್ಬರಿಗೂ ಗೊತ್ತಿತ್ತು."

"ಗೊತ್ತಿತ್ತು."

"ಮೇಡಂಗೆ?"

"ಇಲ್ಲ. ಅವರು ನಿಮ್ಮ ಪುಟ ಶುರುವಾದ್ರೆ ಕಣ್ಣು ಮುಚ್ಕೊಂಡು ತಲೆ ಆಡಿಸ್ತಾರೆ. ಸಂಗೀತ ಕೇಳೋ ಹಾಗೆ."

"ನೀವಿಬ್ರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬರೋದನ್ನೇ ಬಿಡ್ತಿದ್ರಿ. ನೋಡಿ, ಇವತ್ತು ಬಿಟ್ರಲ್ಲ." ಲೋಟ ಕೆಳಗಿಟ್ಟಳು. "ನಿಮ್ಮೊಬ್ಬರಿಗೇ ಅಲ್ಲ ಟೀಚರ್ ಬರೆಯೋಕಾಗದೇ ಇರೋದು. ನಂದೂ ಹೋದ ವಾರ ಓದಿದ್ನಲ್ಲ."

ಹೋದ ವಾರ ಅವಳು ಓದಿದ್ದು ಏನು? ಮುಖ ನೋಡುತ್ತ ಹುಡುಕಿದೆ. ಒಂದು ಪದವೂ ನೆನಪಿಗೆ ಬರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಸಿಡುಕಿ ಸಿಡುಕಲಿಲ್ಲ, ಚಪ್ಪಲಿ ಮೆಟ್ಟಿಕೊಂಡು, "ಅಕ್ಕಾ, ಬೈದಿದ್ದೀನಿ, ಬರ್ತೀನಿ" ಎಂದು ಕೂಗಿ ಹೋದಳು.

ನವೆಂಬರ್ ೧೪, ಶುಕ್ರವಾರ

ಓದು ಮುಗಿಸಿದವರು ಪ್ರಬಂಧದ ಮೊದಲ ಪುಟದಲ್ಲಿ ಕೃತಜ್ಞತೆ ಬರೆಯುತ್ತಾರೆ. ನಡುವೆ ಬಿಟ್ಟುಹೋಗುವವರಿಗೆ ಆ ಪುಟವಿಲ್ಲ. ಋಣ ಮಾತ್ರ ಅಷ್ಟೇ ಇರುತ್ತದೆ.

ಮೂರು ವರ್ಷದ ಹಿಂದೆ ಸಂದರ್ಶನದಲ್ಲಿ ಇಬ್ಬರು ಪ್ರಾಧ್ಯಾಪಕರು ನನ್ನ ವಯಸ್ಸು ನೋಡಿ ಕಾಗದ ಬದಿಗಿಟ್ಟಿದ್ದರು. ಒಬ್ಬರಂತೂ, "ಮನೇಲಿ ಹೊತ್ತು ಹೋಗ್ತಾ ಇಲ್ವಾ ಮೇಡಂ?" ಎಂದು ನಗೆಯಾಡಿದರು. ಕೊನೆಯ ಕುರ್ಚಿಯಲ್ಲಿದ್ದ ಈ ಮೇಡಂ, "ಇತ್ತೀಚೆಗೆ ಯಾವ ಕವಿತೆ ಓದಿ ಸಿಟ್ಟು ಬಂತು ನಿಮಗೆ?" ಎಂದು ಕೇಳಿದರು. ಅರ್ಧ ಗಂಟೆ ಸಿಟ್ಟಿನಿಂದ ಮಾತಾಡಿದೆ. ಅವರು ಆ ಇಬ್ಬರ ಕಡೆ ತಿರುಗಿ, "ಇವರು ನನಗಿರಲಿ" ಎಂದರು. ಪೇಟೆಯಲ್ಲಿ ಒಳ್ಳೆಯ ಕೊಡೆಯೊಂದು ಕಣ್ಣಿಗೆ ಬಿದ್ದ ಹಾಗೆ.

ಅಡಿಟಿಪ್ಪಣಿ ಹಾಕುವುದನ್ನು ಕಂಪ್ಯೂಟರಿನಲ್ಲಿ ಕಲಿಸಿದವನು ನಿಧಾನಪ್ಪ. ಒಂದೇ ಪ್ರಶ್ನೆಯನ್ನು ನಾಲ್ಕು ದಿನ ಕೇಳಿದೆ. ನಾಲ್ಕನೆಯ ದಿನವೂ ಮೊದಲ ಸಲ ಕೇಳಿದವನಂತೆ ಉತ್ತರಿಸಿದ. ಆಗ ನಾನು ಮನಸ್ಸಿನಲ್ಲೇ, ಪಾಪ, ಮಂದ ಎಂದುಕೊಂಡಿದ್ದೆ.

ಇದನ್ನೆಲ್ಲ ಬರೆಯುತ್ತಿದ್ದರೆ ಎದೆ ತುಂಬಿ ಬರಬೇಕಿತ್ತು. ಬರುತ್ತಿರುವುದು ನಾಚಿಕೆ. ಹದಿನೆಂಟು ವಾರ ಇಬ್ಬರು ನನ್ನೆದುರು ಮುಖ ಒಂದಿಷ್ಟೂ ಕದಲಿಸದೆ ಕೂತು, ಹಳಸಿದ ಪುಟಕ್ಕೆ ತಲಾ ಒಂದು ಹೊಸ ವಾಕ್ಯ ಹೇಳಿದರು. ಆ ಮೂವತ್ತಾರು ವಾಕ್ಯಗಳನ್ನು ಹುಡುಕಿ ಹುಡುಕಿ ತರುವುದು ಎಷ್ಟು ಕಷ್ಟವಾಗಿರಬೇಕು.

ನವೆಂಬರ್ ೧೮, ಮಂಗಳವಾರ

ಮೇಡಂ ಕರೆಸಿದರು. ಪತ್ರ ಸಿದ್ಧವಾಗಿತ್ತು. ಸಹಿ ಮಾಡುವ ಮೊದಲು ನಾನೊಮ್ಮೆ ಓದಲಿ ಎಂದು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದರು. 'ಮೂರನೆಯ ಅಧ್ಯಾಯ ಬಹುಪಾಲು ಪೂರ್ಣಗೊಂಡಿದ್ದು, ಅದರ ಗುಣಮಟ್ಟಕ್ಕೆ ನಾನೇ ಸಾಕ್ಷಿ.' ನಿವೃತ್ತಿಗೆ ಅವರಿಗೆ ಎರಡು ವರ್ಷ ಉಳಿದಿದೆ. ಒಂದು ಮಾತೂ ಆಡದೆ ಆ ಹಾಳೆ ಹಿಡಿದು ಹೊರಗೆ ಬರಬಹುದಿತ್ತು. ಬರಬೇಕೆಂದೇ ಎದ್ದೆ ಕೂಡ.

"ಮೇಡಂ, ಸಹಿ ಹಾಕಬೇಡಿ."

"ಯಾಕೆ, ಅಕ್ಷರ ತಪ್ಪಿದೆಯಾ?"

"ಮೂರನೇ ಅಧ್ಯಾಯ ಇಲ್ಲ."

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಕುರ್ಚಿ ತೋರಿಸಿದರು. ಹೇಳಿದೆ. ಕಿಟಕಿ, ಬಾಗಿಲು, ಹನ್ನೊಂದನೆಯ ಪುಟ, ಅಕ್ಕನ ಕಾಲಿನ ತಾರೀಕು. ಅವರು ಎದ್ದು ಕಪಾಟಿನಿಂದ ನನ್ನ ಎರಡನೆಯ ಅಧ್ಯಾಯವನ್ನು ತೆಗೆದರು. ನನ್ನ ಚೀಲದಲ್ಲಿದ್ದ ಗುರುವಾರದ ಪುಟಗಳನ್ನು ಕೇಳಿ ಪಡೆದು, ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿದರು. ಒಂದೊಂದೂ. ಶಾಲೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನು ನಾನು ಹೀಗೇ ಎದುರಿಗೆ ಕೂರಿಸಿಕೊಳ್ಳುತ್ತಿದ್ದೆ. ಅವು ಕಾಲ್ಬೆರಳು ನೋಡುತ್ತಿದ್ದವು. ನಾನೂ ನೋಡಿಕೊಂಡೆ.

"ಇದನ್ನ ನಾನು ಹೊಗಳಿದೆ," ಎಂದರು ಕೊನೆಗೆ. ಬೆರಳು ಮೊಣಕೈಯ ಸಾಲಿನ ಮೇಲಿತ್ತು. "ಇದನ್ನೂ. ಇದನ್ನಂತೂ ಮನೆಗೆ ಹೋಗಿ ನಮ್ಮವರ ಮುಂದೆ ಹೇಳಿದೆ."

"ಕ್ಷಮಿಸಿ ಮೇಡಂ."

"ತಡೀರಿ. ಅವರಿಬ್ಬರಿಗೂ ಗೊತ್ತಿತ್ತಾ?"

ಸುಳ್ಳು ಹೇಳಲು ಇನ್ನು ಶಕ್ತಿಯಿರಲಿಲ್ಲ. ತಲೆಯಾಡಿಸಿದೆ.

"ಅಂದ್ರೆ ಆ ಕೋಣೆಯಲ್ಲಿ ಕೇಳಿಸಿಕೊಳ್ಳದೆ ಕೂತಿದ್ದವಳು ನಾನೊಬ್ಬಳೇ." ಪೆನ್ನಿನ ಮುಚ್ಚಳ ಹಾಕಿದರು. "ನೀವು ಹೊರಡಿ ಟೀಚರ್. ನಾನು ಬೈದ್ರೆ ನಿಮಗೆ ಹಗುರಾಗುತ್ತೆ. ಇವತ್ತು ಅಷ್ಟು ಉಪಕಾರ ಮಾಡೋ ಮನಸ್ಸಿಲ್ಲ ನನಗೆ."

ನವೆಂಬರ್ ೨೦, ಗುರುವಾರ

ಮೂರು ಗಂಟೆಗೆ ಮೆಟ್ಟಿಲವರೆಗೆ ಹೋದೆ. ಮೇಲಿನಿಂದ ನಿಧಾನಪ್ಪ ಓದುವುದು ಕೇಳಿಸುತ್ತಿತ್ತು. ಒಂದು ವಾಕ್ಯದ ಕೊನೆಗೆ ಅವನು ಎಷ್ಟು ಹೊತ್ತು ನಿಲ್ಲುತ್ತಾನೆಂದರೆ ಮುಗಿಯಿತೇನೋ ಎಂದುಕೊಳ್ಳಬೇಕು. ಮಕ್ಕಳ ಪಠ್ಯದ ಪದ್ಯಗಳಲ್ಲಿ ಬರುವ ಅಮ್ಮಂದಿರ ಬಗ್ಗೆ. ಅವರು ಎಂದೂ ಕೂತೇ ಇರುವುದಿಲ್ಲವಂತೆ; ಅರವತ್ತು ಪದ್ಯಗಳಲ್ಲಿ ಕೂತ ಅಮ್ಮ ಒಬ್ಬಳೇ, ಅವಳೂ ಚಿತ್ರದಲ್ಲಿ ಮಾತ್ರ. ಕೆಳಗಿನ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆ.

ಒಳಗೆ ಹೋಗಲಾಗಲಿಲ್ಲ.

ನವೆಂಬರ್ ೨೧, ಶುಕ್ರವಾರ

ಅರ್ಜಿ ಕೊಡಲು ಕೊನೆಯ ದಿನ. ಮೇಡಂ ತಮ್ಮ ಪತ್ರವನ್ನು ಕಚೇರಿಯಲ್ಲೇ ಬಿಟ್ಟಿದ್ದರು, ಅಂಟಿಸದ ಲಕೋಟೆಯಲ್ಲಿ. ನಾನು ಓದಲೆಂದೇ ಇರಬೇಕು.

'ಎರಡು ಅಧ್ಯಾಯಗಳು ಮುಗಿದಿವೆ. ಮೂರನೆಯದು ಆರಂಭವಾಗಿಲ್ಲ. ಐದು ತಿಂಗಳು ಇದನ್ನು ಗಮನಿಸದೆ ಹೋದದ್ದು ಮಾರ್ಗದರ್ಶಕಿಯಾದ ನನ್ನ ಲೋಪ. ಮುಗಿದ ಎರಡು ಅಧ್ಯಾಯಗಳು ನಾನು ಓದಿದ ಉತ್ತಮ ಬರವಣಿಗೆಗಳಲ್ಲಿ ಸೇರಿವೆ; ಈ ಮಾತನ್ನು ಎಚ್ಚರದಲ್ಲೇ ಬರೆಯುತ್ತಿದ್ದೇನೆ.'

ಬೈದಿದ್ದರೆ ಹಗುರಾಗುತ್ತಿತ್ತು ಎಂದಿದ್ದರಲ್ಲ, ನಿಜ. ಲೋಪವನ್ನು ನನ್ನಿಂದ ಕಸಿದುಕೊಂಡು ತಮ್ಮ ಹೆಸರಿನ ಕೆಳಗೆ ಬರೆದುಕೊಂಡಿದ್ದಾರೆ. ಕಚೇರಿಯ ಬೆಂಚಿನ ಮೇಲೆ ಕೂತು ಹೊಸ ಅರ್ಜಿ ತುಂಬಿದೆ. ಕಾರಣ: ಜೂನ್‌ನಿಂದ ಬರೆಯಲಾಗುತ್ತಿಲ್ಲ.

ಗುಮಾಸ್ತರು ಓದಿ ಹಾಳೆಯನ್ನು ವಾಪಸು ತಳ್ಳಿದರು. "ಇದು ಕಾರಣ ಆಗಲ್ಲ ಮೇಡಂ. ಕಾಯಿಲೆ, ಹೆರಿಗೆ, ನೌಕರಿ, ಇಂಥದ್ದು ಏನಾದ್ರೂ ಹಾಕಿ."

"ಹೆರಿಗೆ ಅಂತ ಹಾಕಿದ್ರೆ ನಂಬ್ತಾರಾ?"

ಅವರು ಮೊದಲ ಸಲ ನಕ್ಕರು. "ಮನೇಲಿ ಯಾರಿಗೂ ಹುಷಾರಿಲ್ವಾ?"

"ಎಲ್ಲರೂ ಹುಷಾರಾಗಿದ್ದಾರೆ."

"ನಿಮ್ಮಿಷ್ಟ," ಎಂದು ಮುದ್ರೆ ಒತ್ತಿದರು.

ಸಂಜೆ ಅಕ್ಕ ವಾಕರ್ ಬಿಟ್ಟು ಗೋಡೆ ಹಿಡಿದು ಏಳು ಹೆಜ್ಜೆ ಇಟ್ಟಳು. ಬಂದು ನೋಡು ಎಂದು ಕೂಗಿದಳು. ಇವರು ನಲ್ಲಿ ನಿಲ್ಲಿಸಿ ಓಡಿಬಂದರು.

ನವೆಂಬರ್ ೨೭, ಗುರುವಾರ

ಹೋದೆ. ಮೇಡಂ ತಮ್ಮ ಮೆತ್ತೆಯ ಕುರ್ಚಿಯನ್ನು ನಿಧಾನಪ್ಪನಿಗೆ ಕೊಟ್ಟು, ಬೆನ್ನಿಲ್ಲದ ಮರದ ಸ್ಟೂಲಿನ ಮೇಲೆ ಕೂತಿದ್ದರು. ಕಣ್ಣು ಮುಚ್ಚಲಿಲ್ಲ. ನನ್ನನ್ನು ನೋಡಿ, ಕೂತ್ಕೊಳ್ಳಿ ಎಂಬಂತೆ ಗಲ್ಲ ಅಲುಗಿಸಿದರು, ಅಷ್ಟೇ. ಸಿಟ್ಟು ಇನ್ನೂ ಇದೆ. ಇರಬೇಕಾದದ್ದೇ.

ನನ್ನ ಸರದಿ ಬಂದಾಗ ಪುಟ ಇಲ್ಲವೆಂದೆ. ಸರಿ, ಮುಂದಿನವರು ಎಂದರು. ನಿನ್ನೆ ಸಮಿತಿ ಸೇರಿತ್ತು. ವಿರಾಮ ಕೊಟ್ಟಿದ್ದಾರೆ, ಸೀಟು ಉಳಿಸಿಲ್ಲ, ವರ್ಷ ಕಳೆದ ಮೇಲೆ ಹೊಸದಾಗಿ ಅರ್ಜಿ ಹಾಕಬೇಕಂತೆ.

ಸಿಡುಕಿಯ ಪುಟವನ್ನು ಇಲ್ಲಿ ಬರೆದಿಟ್ಟುಕೊಳ್ಳಬೇಕು, ಮರೆಯಬಾರದು. ಅವಳ ವಿಷಯ ಪತ್ರಿಕೆಗಳಿಗೆ ಓದುಗರು ಬರೆದ ಪತ್ರಗಳು. ಮುಚ್ಚಿಹೋದ ವಾರಪತ್ರಿಕೆಯೊಂದರ ಕಚೇರಿಯಲ್ಲಿ, ಅಚ್ಚಾಗದೆ ಉಳಿದ ಪತ್ರಗಳ ನಾಲ್ಕು ಗೋಣಿಚೀಲ ಅವಳಿಗೆ ಸಿಕ್ಕಿವೆ. ನಾಲ್ಕು ಚೀಲ! ಯಾವಾಗ ಸಿಕ್ಕಿತು ಎಂದು ಕೇಳಿದರೆ, ಜುಲೈನಲ್ಲಿ, ಆಗಲೇ ಓದಿದ್ದೆ ಎಂದಳು.

ಇವತ್ತಿನದು ಕಾಲು ಎಳೆದು ನಡೆಯುವ ಒಬ್ಬ ಹೆಂಗಸಿನ ಪತ್ರ. ಎಂಟೂ ಹತ್ತರ ಬಸ್ಸಿಗೆ ಅವಳು ತಿರುವಿನಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಬಸ್ಸು ಹೊರಡುವ ಸಮಯವಾಗಿರುತ್ತಿತ್ತು. ಡ್ರೈವರ್ ಆಗ ಕೆಳಗಿಳಿದು ಪಕ್ಕದ ಕನ್ನಡಿ ಒರೆಸಿ ಸರಿಮಾಡುತ್ತಿದ್ದ. ಅವಳು ಹತ್ತಿದ ಮೇಲೆ ಕನ್ನಡಿ ಸರಿಯಾಗುತ್ತಿತ್ತು. ಆರು ವರ್ಷ. ಹೊಸ ಡ್ರೈವರ್ ಬಂದ ಮೇಲೆ ಮೊದಲ ದಿನವೇ ಬಸ್ಸು ತಪ್ಪಿತು, ಆಗ ಅವಳಿಗೆ ತಿಳಿಯಿತು. ಧನ್ಯವಾದ ಹೇಳಿ ಪತ್ರಿಕೆಗೆ ಬರೆದಿದ್ದಾಳೆ. ದಿನಾ ತಡ ಮಾಡಿದ್ದಕ್ಕೆ ಮೇಲಿನವರು ಆತನನ್ನು ಕೇಳಿಯಾರೆಂದು ಬಸ್ಸಿನ ನಂಬರ್ ಹಾಕಿಲ್ಲ, ಊರು ಹಾಕಿಲ್ಲ, ತನ್ನ ಹೆಸರನ್ನೂ ಹಾಕಿಲ್ಲ.

ನಿಧಾನಪ್ಪ ಮೂಗೊರೆಸಿಕೊಂಡ, ನೆಗಡಿ ಎಂದ. ಸಿಡುಕಿ ಓದುತ್ತಲೇ ಇದ್ದಳು: "ದೂರುಗಳನ್ನು ತಪ್ಪದೆ ಅಚ್ಚು ಹಾಕಿದ ಸಂಪಾದಕರು ಈ ಪತ್ರವನ್ನು ಬದಿಗಿಟ್ಟದ್ದು ಯಾಕೆಂದರೆ" ಎಂಬಲ್ಲಿಗೆ ನಿಂತಳು.

"ಯಾಕೆ?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಅದೇ ಗೊತ್ತಾಗ್ತಿಲ್ಲ ಟೀಚರ್. ಮೂರು ವಾರದಿಂದ ಈ ಸಾಲಿನಲ್ಲೇ ನಿಂತಿದ್ದೀನಿ. ಮುಂದಕ್ಕೆ ಬರೆದಿಲ್ಲ." ಹಾಳೆಯನ್ನು ತಿರುಗಿಸಿ, ಅದರ ಖಾಲಿ ಬೆನ್ನನ್ನು ನಮ್ಮೆಲ್ಲರಿಗೂ ತೋರಿಸಿದಳು. ಎಷ್ಟು ಸಲೀಸಾಗಿ ತೋರಿಸಿದಳು.

ಮೇಡಂ ಎದ್ದು ಹೋದರು, ನಿಧಾನಪ್ಪನೂ ಹೋದ. ನಾನು ನನ್ನ ಕುರ್ಚಿಯನ್ನು ಅವಳ ಮೇಜಿನ ಬಳಿಗೆ ಎಳೆದುಕೊಂಡೆ.

"ಆ ಪತ್ರ ತೆಗಿ," ಎಂದೆ. "ಮೊದಲಿನಿಂದ ಓದು."